ಮೂರು ಮಿಲಿಮೀಟರ್

ಪಂಪು ತಯಾರಿಸುವ ಆ ಕಾರ್ಖಾನೆಯಲ್ಲಿ ಅವನಿಗೆ ಮೇಸ್ತ್ರಿ ಎಂಬ ಹೆಸರು ಅಂಟಿಕೊಂಡು ಮೂವತ್ತೆರಡು ವರ್ಷವಾಗಿತ್ತು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಅದನ್ನು ಯಾರಾದರೂ ಕೂಗಿದರೆ ಅವನೇ ಒಂದು ಗಳಿಗೆ ತಡೆದು ತಿರುಗುತ್ತಿದ್ದ. ಅವನದು ಮರದ ಕೆಲಸ. ಎರಕದ ಕಬ್ಬಿಣದ ಯಾವ ಭಾಗ ಬೇಕಾದರೂ ಮೊದಲು ಅದರ ಪ್ರತಿರೂಪ ಮರದಲ್ಲಿ ಆಗಬೇಕು. ಅದಕ್ಕೆ ಪ್ಯಾಟರ್ನ್ ಎನ್ನುತ್ತಾರೆ. ಪ್ಯಾಟರ್ನನ್ನು ಮರಳಿನಲ್ಲಿ ಹೂತು, ಸುತ್ತ ಗಟ್ಟಿಯಾಗಿ ಕುಟ್ಟಿ, ಮೆಲ್ಲಗೆ ಎತ್ತಿದರೆ ಅದರ ಆಕಾರದ ಗುಳಿ ಉಳಿಯುತ್ತದೆ. ಗುಳಿಗೆ ಕರಗಿದ ಕಬ್ಬಿಣ ಹೊಯ್ದರೆ ಭಾಗ ಸಿದ್ಧ. ಒಳಗೆ ಟೊಳ್ಳು ಬೇಕಿದ್ದರೆ ಗುಳಿಯ ನಡುವೆ ಗಟ್ಟಿ ಮರಳಿನದೇ ಒಂದು ಗಡ್ಡೆ ಇಡುತ್ತಾರೆ, ಅದು ಕೋರ್. ಕೋರ್‌ಗೂ ಗುಳಿಯ ಅಂಚಿಗೂ ನಡುವಿನ ಸಂದಿ ಎಷ್ಟೋ ಕಬ್ಬಿಣದ ಗೋಡೆಯ ದಪ್ಪ ಅಷ್ಟು. ಕೋರ್ ಅಲುಗದೆ ಕೂರಲು ಮರಳಿನಲ್ಲಿ ತಗ್ಗು ಮೂಡಿಸಬೇಕಲ್ಲ, ಅದಕ್ಕಾಗಿ ಪ್ಯಾಟರ್ನಿನ ಎರಡೂ ತುದಿಯಲ್ಲಿ ಮರದ ತುಂಡುಗಳು ಚಾಚಿಕೊಂಡಿರುತ್ತವೆ. ಅವನ್ನು ಆ ಕಾರ್ಖಾನೆಯವರು ಕಿವಿ ಎನ್ನುತ್ತಿದ್ದರು.

ಮೇಸ್ತ್ರಿಯ ಕೊಠಡಿಯ ಹಿಂದೆ ಪ್ಯಾಟರ್ನುಗಳ ಗೋದಾಮು. ಮುನ್ನೂರ ನಲವತ್ತು ಪ್ಯಾಟರ್ನುಗಳು ಕೆಂಪು ಬಣ್ಣ ಬಳಿಸಿಕೊಂಡು ನೆಲದಿಂದ ಸೂರಿನವರೆಗೆ ಕೂತಿದ್ದವು. ಅರ್ಧಕ್ಕಿಂತ ಹೆಚ್ಚು ಅವನ ಕೈಯವೇ. ಕಣ್ಣು ಕಟ್ಟಿ ಒಳಗೆ ಬಿಟ್ಟರೂ ಯಾವುದು ಎಲ್ಲಿದೆ ಎಂದು ಹೇಳಬಲ್ಲೆ ಎನ್ನುತ್ತಿದ್ದ. ಯಾರೂ ಕಟ್ಟಿ ನೋಡಿರಲಿಲ್ಲ.

ಆ ವರ್ಷ ಗೋದಾಮು ಖಾಲಿ ಮಾಡುವುದೆಂದು ತೀರ್ಮಾನವಾಯಿತು. ಮ್ಯಾನೇಜರು ಎಲ್ಲರನ್ನೂ ಕೂರಿಸಿ ವಿಷಯ ಹೇಳಿದ. ಒಳ್ಳೆಯ ಮನುಷ್ಯ, ಮಾತಿನ ನಡುವೆ ನೀರಿನ ಬಾಟಲಿಯ ಮುಚ್ಚಳ ತೆಗೆಯುವುದು ಹಾಕುವುದು ಮಾಡುತ್ತಿದ್ದ.

“ನಮ್ಮ ಹಳೇ ಪಂಪ್ ಕೆಟ್ಟರೆ ಜನ ಪಂಪನ್ನೇ ಬಿಸಾಕ್ತಾರೆ. ಯಾಕೆ? ಭಾಗ ಸಿಗಲ್ಲ. ಸಿಕ್ಕರೂ ಹಡಗಲ್ಲಿ ಆರು ವಾರ. ಇನ್ನು ಮೇಲೆ ಭಾಗ ಹೋಗಲ್ಲ, ಫೈಲ್ ಹೋಗುತ್ತೆ. ಅಲ್ಲೇ ಹತ್ತಿರದ ಫೌಂಡ್ರಿಯವರು ಮರಳಿನ ಅಚ್ಚನ್ನ ಪ್ರಿಂಟ್ ಮಾಡ್ಕೊಂಡು ಎರಕ ಹೊಯ್ಕೋತಾರೆ. ಮರ ಬೇಡ, ಗೋದಾಮು ಬೇಡ, ಹಡಗಿನ ಹೊಗೆ ಬೇಡ. ಒಂದು ಪಂಪ್ ಇನ್ನೂ ಇಪ್ಪತ್ತು ವರ್ಷ ಬಾಳುತ್ತೆ.”

ಜೊತೆಗೆ ಪ್ರತಿ ಭಾಗಕ್ಕೂ ಒಂದು ಡಿಜಿಟಲ್ ಪಾಸ್‌ಪೋರ್ಟ್ ಇರಬೇಕೆಂದು ಕೊಳ್ಳುವವರ ಬೇಡಿಕೆ. ಯಾವ ಕಬ್ಬಿಣ, ಎಲ್ಲಿಂದ ಬಂತು, ಎಷ್ಟು ಕರೆಂಟು ತಿಂತು, ಹಿಂದೆ ಯಾವಾಗಲಾದರೂ ಒಡೆದಿತ್ತೇ, ಒಡೆದಿದ್ದರೆ ಏಕೆ, ಎಲ್ಲವೂ ಅದರಲ್ಲಿ ಬರಬೇಕು. ಕೆಲಸಗಾರರು ಅದಕ್ಕೆ ಜಾತಕ ಎಂದು ಹೆಸರಿಟ್ಟರು. “ನಮ್ಮದನ್ನೇ ಯಾರೂ ಬರೆಸಲಿಲ್ಲ, ಪಂಪಿಗೆ ಬರೆಸ್ತಾರಂತೆ” ಎಂದು ನಕ್ಕರು.

ಮೇಸ್ತ್ರಿಗೆ ಇದರ ಮೇಲೆ ಮುನಿಸೇನೂ ಇರಲಿಲ್ಲ. ನಿವೃತ್ತಿಗೆ ಎಂಟು ತಿಂಗಳಿತ್ತು. ಮರದ ಹೊಟ್ಟು ಕುಡಿದು ಕುಡಿದು ಎದೆಯಲ್ಲಿ ಸದಾ ಗೊರಗೊರ. ತಾನು ಹೋದ ಮೇಲೂ ತನ್ನ ಕೆಲಸ ಎಲ್ಲೋ ಒಂದು ಕಡೆ ಕೆಡದೆ ಇರುತ್ತದೆ ಎಂಬುದು ಅವನಿಗೆ ಇಷ್ಟವೇ ಆಯಿತು.

ಪ್ಯಾಟರ್ನುಗಳನ್ನು ಸ್ಕ್ಯಾನ್ ಮಾಡಲು ಬಂದವಳು ಇಪ್ಪತ್ತಾರರ ಇಂಜಿನಿಯರ್. ಮೇಸ್ತ್ರಿ ಮೊದಲ ದಿನ ಮೇಡಂ ಅಂದ. “ಮೇಡಂ ಅಂದ್ರೆ ನಂಗೆ ನಮ್ಮ ಲೆಕ್ಕದ ಟೀಚರ್ ನೆನಪಾಗ್ತಾರೆ, ಬೇಡ” ಅಂದಳು. ಅಂದಿನಿಂದ ಅವಳು ಮಗಳಾದಳು. ಅವಳ ಕೈಯಲ್ಲಿದ್ದ ಯಂತ್ರ ನೋಡಲು ಇಸ್ತ್ರಿಪೆಟ್ಟಿಗೆಯ ಹಾಗಿತ್ತು. ಪ್ಯಾಟರ್ನಿನ ಮೈಮೇಲೆಲ್ಲ ಬಿಳಿ ಚುಕ್ಕೆ ಅಂಟಿಸಿ, ನೀಲಿ ಬೆಳಕು ಬಿಟ್ಟುಕೊಂಡು ಸುತ್ತ ಸುತ್ತಿದರೆ ಪರದೆಯ ಮೇಲೆ ಅದೇ ಪ್ಯಾಟರ್ನ್ ಮೂಡುತ್ತಿತ್ತು. ಆಮೇಲೆ ಹಳೆಯ ನಕ್ಷೆಯ ಜೊತೆ ಹೋಲಿಸುವುದು. ಅಳತೆ ಸರಿಯಿದ್ದ ಕಡೆ ಹಸಿರು, ಹೆಚ್ಚಿದ್ದ ಕಡೆ ಕೆಂಪು, ಕಡಿಮೆಯಿದ್ದ ಕಡೆ ನೀಲಿ.

“ಮೇಸ್ತ್ರಿಗಳೇ, ಪೂರ್ತಿ ಹಸಿರು. ಇದನ್ನ ಕೈಯಲ್ಲಿ ಕೆತ್ತಿದ್ದಾ?”

“ಇನ್ನೇನು ಕಾಲಲ್ಲಿ ಕೆತ್ತಕ್ಕಾಗುತ್ತಾ ಮಗಳೇ.”

ಆರು ವಾರ ಹೀಗೇ ಹಸಿರಾಗಿ ಕಳೆಯಿತು. ಎಲ್ಲೋ ಒಂದು ಕೂದಲೆಳೆಯಷ್ಟು ಕೆಂಪು ಕಂಡರೆ, ಮರ ಹಳೆಯದಾಗಿ ಉಬ್ಬಿದೆ ಎಂದು ಅವಳೇ ಸಮಾಧಾನ ಹೇಳುತ್ತಿದ್ದಳು. ಮೇಸ್ತ್ರಿ ಸಂಜೆ ಮನೆಗೆ ಹೋಗಿ ಹೆಂಡತಿಗೆ ಅದನ್ನೆಲ್ಲ ಹೇಳುವನು. “ಮೂವತ್ತು ವರ್ಷ ಆದ ಮೇಲೆ ನಿಮಗೆ ಪರೀಕ್ಷೆ ರಿಸಲ್ಟ್ ಬರ್ತಿದೆ ನೋಡಿ” ಎಂದು ಅವಳು ನಗುವಳು.

ಏಳನೆಯ ವಾರ, ಒಂದು ಬುಧವಾರ ಬೆಳಿಗ್ಗೆ, ಹಿಂದಿನ ಸಾಲಿನ ಕೆಳಗಿನ ಕಪಾಟಿನಿಂದ ಒಂದು ಪ್ಯಾಟರ್ನ್ ಹೊರಗೆ ಬಂತು. ಹಳೆಯ ದೊಡ್ಡ ಪಂಪಿನ ಹೊರಕವಚ, ಬಸವನಹುಳುವಿನ ಚಿಪ್ಪಿನ ಆಕಾರ. ಆ ಪಂಪು ತಯಾರಾಗುವುದು ನಿಂತು ಹತ್ತೊಂಬತ್ತು ವರ್ಷವಾಗಿದ್ದರೂ ಹಲವು ನೀರಿನ ಕೇಂದ್ರಗಳಲ್ಲಿ ಇನ್ನೂ ಓಡುತ್ತಿತ್ತು. ಇಂಜಿನಿಯರ್ ಸ್ಕ್ಯಾನ್ ಮುಗಿಸಿ ಕೂತಳು. ಪರದೆಯಲ್ಲಿ ಪ್ಯಾಟರ್ನಿನ ಮೈಯೆಲ್ಲ ಹಸಿರಾಯಿತು. ಬಲಗಡೆಯ ಕಿವಿ ಮಾತ್ರ ಮೇಲೆ ಕೆಂಪು, ಕೆಳಗೆ ನೀಲಿ.

“ಈ ಕಿವಿ ಜಾರಿದೆ ಮೇಸ್ತ್ರಿಗಳೇ. ಮೂರು ಮಿಲಿಮೀಟರ್ ಮೇಲಕ್ಕೆ.”

“ಇನ್ನೊಂದ್ಸಲ ಹಿಡಿ ಮಗಳೇ. ಚುಕ್ಕೆ ಕಿತ್ತು ಬಂದಿರಬೇಕು.”

ಅವಳು ಇನ್ನೊಂದು ಸಲ ಹಿಡಿದಳು. ಮೂರು ಮಿಲಿಮೀಟರೇ. ಆಮೇಲೆ ಅವಳು ಜಾತಕದ ಪುಟ ತೆರೆದು, ಹಳೆಯ ಕಾಗದಗಳಿಂದ ಸೇರಿಸಿದ್ದ ಟಿಪ್ಪಣಿಯನ್ನು ಗಟ್ಟಿಯಾಗಿ ಓದಿದಳು. “ಒತ್ತಡದ ಪರೀಕ್ಷೆಯಲ್ಲಿ ಕವಚ ಒಡೆದಿದೆ. ಪರೀಕ್ಷಕರಿಗೆ ಗಾಯ. ಒಡೆದ ಜಾಗದಲ್ಲಿ ಗೋಡೆ ಒಂಬತ್ತರ ಬದಲು ಆರು ಮಿಲಿಮೀಟರ್. ಕಾರಣ, ಮೌಲ್ಡರ್ ಕೋರ್ ಅನ್ನು ಸರಿಯಾಗಿ ಕೂರಿಸಿಲ್ಲ.” ಓದಿ, ಪೆನ್ನಿನಿಂದ ಗಲ್ಲ ಕೆರೆದುಕೊಂಡಳು. “ಆದ್ರೆ ಕಿವಿ ಇಷ್ಟು ಮೇಲಿದ್ರೆ, ಕೋರ್ ಎಷ್ಟೇ ಸರಿಯಾಗಿ ಕೂರಿಸಿದ್ರೂ ಇಲ್ಲಿ ಆರೇ ಅಲ್ವಾ ಬರೋದು?”

ಮೇಸ್ತ್ರಿ ಆ ಮೌಲ್ಡರನನ್ನು ನೆನೆಯುತ್ತಿದ್ದ.

ಮೌಲ್ಡರ್ ಎಂದರೆ ಮರಳಿನಲ್ಲಿ ಅಚ್ಚು ಕಟ್ಟುವವನು. ಅವನನ್ನು ಎಲ್ಲರೂ ಮರಳಣ್ಣ ಎನ್ನುತ್ತಿದ್ದರು. ಮೇಸ್ತ್ರಿಗಿಂತ ಆರು ವರ್ಷ ದೊಡ್ಡವನು. ಬೆರಳುಗಳ ಸಂದಿಯಲ್ಲಿ, ಕಿವಿಯ ಮಡಿಕೆಯಲ್ಲಿ, ಬುತ್ತಿಯ ಡಬ್ಬಿಯಲ್ಲಿ ಸದಾ ಮರಳು. “ನನ್ನ ಹೆಂಡ್ತಿ ದಿನಾ ಹಾಸಿಗೆ ಗುಡಿಸಿ ಒಂದು ಬುಟ್ಟಿ ಎತ್ತಿಡ್ತಾಳೆ, ಮನೆ ಕಟ್ಟೋಕಾಗುತ್ತೆ ಅಂತ” ಎನ್ನುತ್ತಿದ್ದ. ಮಧ್ಯಾಹ್ನ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಉಣ್ಣುತ್ತಿದ್ದರು. ಮೇಸ್ತ್ರಿಯ ಪ್ಯಾಟರ್ನ್ ಮರಳಿನಿಂದ ಎತ್ತುವಾಗ ಮರಳಣ್ಣ ಉಸಿರು ಬಿಗಿಹಿಡಿಯುತ್ತಿದ್ದ. ಒಂದು ಕಾಳು ಕೂಡ ಉದುರದೆ ಎದ್ದರೆ ದೂರದಿಂದಲೇ ಹುಬ್ಬು ಹಾರಿಸುತ್ತಿದ್ದ.

ಹತ್ತೊಂಬತ್ತು ವರ್ಷದ ಹಿಂದೆ ಆ ಕವಚ ಒಡೆದು ಚೂರು ಸಿಡಿದಾಗ ಪರೀಕ್ಷಕನ ಎಡಗಣ್ಣು ಹೋಯಿತು. ವಿಚಾರಣೆ ನಡೆಯಿತು. ಅದೇ ಪ್ಯಾಟರ್ನಿನಿಂದ ಆ ವಾರ ಎರಕವಾಗಿದ್ದ ಉಳಿದ ಮೂರು ಕವಚಗಳು ಒತ್ತಡ ತಡೆದಿದ್ದವು. ಅವನ್ನು ಯಾರೂ ಕೊಯ್ದು ನೋಡಲಿಲ್ಲ, ಆ ಪ್ಯಾಟರ್ನಿನಿಂದ ಮತ್ತೆ ಎರಕವೂ ಆಗಲಿಲ್ಲ. ನಾಲ್ಕರಲ್ಲಿ ಒಂದೇ ಕೆಟ್ಟಿದ್ದರೆ ಅದು ಕೋರ್ ಇಟ್ಟ ಕೈಯ ತಪ್ಪು ಎಂದು ಎಲ್ಲರೂ ಅಂದುಕೊಂಡರು. ಮೇಸ್ತ್ರಿಯನ್ನು ಕರೆದು, ಪ್ಯಾಟರ್ನ್ ಸರಿಯಿದೆಯೇ ಎಂದು ಕೇಳಿದರು. ನೋಡಿದ್ದೀನಿ, ಸರಿಯಿದೆ ಎಂದ. ಮರಳಣ್ಣ ಎರಡೇ ಮಾತು ಹೇಳಿದ್ದ. “ನನ್ನ ಕೈ ತಪ್ಪಿಲ್ಲ. ಕೋರ್ ನೆಟ್ಟಗೆ ಕೂತಿತ್ತು.” ಅವನನ್ನು ಕೆಲಸದಿಂದ ತೆಗೆದರು. ಆಮೇಲೆ ಯಾವ ಫೌಂಡ್ರಿಯೂ ಅವನನ್ನು ಸೇರಿಸಿಕೊಳ್ಳಲಿಲ್ಲ. ಒಂದು ಉಗ್ರಾಣದಲ್ಲಿ ಪೆಟ್ಟಿಗೆ ಹೊತ್ತ, ಒಂದು ಶಾಲೆಯ ಗೇಟಿನಲ್ಲಿ ಕೂತ. ಮೂರು ವರ್ಷದ ಹಿಂದೆ ತೀರಿಹೋದ.

ಈಗ ಇಂಜಿನಿಯರ್ ಊಟಕ್ಕೆ ಎದ್ದು ಹೋದ ಮೇಲೆ ಮೇಸ್ತ್ರಿ ಪ್ಯಾಟರ್ನನ್ನು ತನ್ನ ಮೇಜಿಗೆ ಒಯ್ದು, ಚೌಕಪಟ್ಟಿ ಇಟ್ಟು, ಕೈಯಿಂದಲೇ ಅಳೆದ. ಮೂರು ಸಲ ಅಳೆದ. ಆಮೇಲೆ ಕಿವಿಯ ಬುಡದ ಬಣ್ಣವನ್ನು ಉಳಿಯ ತುದಿಯಿಂದ ಕೆರೆದು ನೋಡಿದ. ಒಳಗೆ ಬೇರೆ ಮರ, ಬೇರೆ ಅಂಟು. ಆಗ ನೆನಪಾಯಿತು. ಆ ನಾಲ್ಕು ಕವಚ ಎರಕ ಹೊಯ್ಯುವ ಹಿಂದಿನ ದಿನ ಈ ಪ್ಯಾಟರ್ನ್ ಕೈತಪ್ಪಿ ಬಿದ್ದು ಬಲಗಿವಿ ಮುರಿದಿತ್ತು. ಫೌಂಡ್ರಿಯವರು ಅವಸರ ಮಾಡುತ್ತಿದ್ದರು. ಅವನು ಹೊಸ ಕಿವಿ ಕೆತ್ತಿ, ಅಂಟು ಹಾಕಿ, ಎರಡು ಗೂಟ ಹೊಡೆದು, ಬಣ್ಣ ಬಳಿದು ಸಂಜೆಯೊಳಗೆ ಕೊಟ್ಟಿದ್ದ. ಅಂಟು ಒಣಗುವಾಗ ಜಾರಿರಬೇಕು, ಅಥವಾ ಗೂಟದ ತೂತೇ ಮೇಲಾಗಿರಬೇಕು. ವಿಚಾರಣೆಯಲ್ಲಿ ಕೇಳಿದಾಗ ಅವನು ಸುಳ್ಳು ಹೇಳಿರಲಿಲ್ಲ, ಪ್ಯಾಟರ್ನನ್ನು ನೋಡಿದ್ದ. ಕೈಯಲ್ಲಿ ಎತ್ತಿ ತಿರುಗಿಸಿ ನೋಡಿದ್ದ. ಅಳೆದಿರಲಿಲ್ಲ. ತನ್ನ ಕೆಲಸಕ್ಕೆ ತಾನೇ ಅಳತೆಪಟ್ಟಿ ಹಿಡಿಯುವುದು ಅವಮಾನ ಅನ್ನಿಸಿತ್ತು.

ಅವನು ಆ ದಿನ ಊಟ ಮಾಡಲಿಲ್ಲ. ಇಂಜಿನಿಯರ್ ವಾಪಸ್ ಬಂದಾಗ, “ಆ ಟಿಪ್ಪಣಿ ತಪ್ಪು. ಕಿವಿ ಹಾಕಿದ್ದು ನಾನು” ಎಂದ.

ಅವಳಿಗೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು, ಅವನಿಗೆ ಕಾಣದಿರಲಿ ಎಂಬಂತೆ.

“ಆ ಮೌಲ್ಡರ್ ಇದ್ದಾರಾ?”

“ಇಲ್ಲ.”

“ಮನೆಯವರು?”

“ಹೆಂಡತಿ ಇದ್ದಾರೆ. ನಾನು ಅತ್ತಿಗೆ ಅಂತೀನಿ.”

ಮ್ಯಾನೇಜರು ವಿಷಯ ಕೇಳಿ ಬಾಟಲಿಯ ಮುಚ್ಚಳ ಬಿಗಿಮಾಡಿದ. ಕಾರಣದ ಸಾಲನ್ನು ತಿದ್ದಿಸುವುದು ಎರಡು ನಿಮಿಷದ ಕೆಲಸ ಎಂದ. ‘ಪ್ಯಾಟರ್ನ್ ದೋಷ’ ಎಂದು ಬರೆದರೆ ಸಾಕು. ಫೈಲಿನಲ್ಲಿ ಕಿವಿಯನ್ನು ಮೂರು ಮಿಲಿಮೀಟರ್ ಇಳಿಸಿದರೆ ಇನ್ನು ಹೊಯ್ಯುವ ಕವಚಗಳೂ ಸರಿಹೋಗುತ್ತವೆ. ಆ ವಾರ ಹೋದ ಮೂರು ಕವಚಗಳು ಎಲ್ಲಿವೆಯೆಂದು ಇವತ್ತೇ ಹುಡುಕಿಸುತ್ತೇನೆ ಎಂದ. “ಯಾರ ಹೆಸರೂ ಹಾಕೋ ಜಾಗ ಇಲ್ಲ ಮೇಸ್ತ್ರಿಗಳೇ. ನಿಮಗೇನೂ ಆಗಲ್ಲ.”

“ಅದೇ ಕಷ್ಟ ಸಾರ್” ಎಂದ ಮೇಸ್ತ್ರಿ.

ಹೆಂಡತಿ ಆ ಸಂಜೆ ಎಲ್ಲ ಕೇಳಿಸಿಕೊಂಡು ತುಂಬ ಹೊತ್ತು ಪಾತ್ರೆ ಒರೆಸುತ್ತಲೇ ಇದ್ದಳು. “ಹೋದವರು ಹೋದ್ರು. ಈಗ ಹೋಗಿ ಹೇಳಿದ್ರೆ ಅವರಿಗೇನು ಸುಖ? ನಿಮ್ಮ ಎದೆ ಭಾರ ಇಳಿಸೋಕೆ ಅವರ ಮನೆಗೆ ಹೋಗ್ತೀರಾ?” ಎಂದಳು. ಬೈದ ಹಾಗಿರಲಿಲ್ಲ, ನಿಜವಾಗಿ ಕೇಳಿದ ಹಾಗಿತ್ತು. ಮುಂದಿನ ಹತ್ತು ದಿನ ಅವನು ಗೋದಾಮಿನಲ್ಲಿ ಉಳಿದಿದ್ದ ಪ್ಯಾಟರ್ನುಗಳನ್ನೆಲ್ಲ, ಸ್ಕ್ಯಾನ್ ಆದವನ್ನೂ ಬಿಡದೆ, ಒಂದೊಂದಾಗಿ ಇಳಿಸಿ ಪಟ್ಟಿ ಹಿಡಿದು ಅಳೆದ. ಬೇರೆ ಒಂದರಲ್ಲೂ ತಪ್ಪು ಸಿಗಲಿಲ್ಲ. ಸಿಕ್ಕಿದ್ದರೆ ಒಂದಿಷ್ಟು ಹಗುರಾಗುತ್ತಿತ್ತೇನೋ. ಹನ್ನೊಂದನೆಯ ದಿನ ಭಾನುವಾರ; ಮುಖ ಕ್ಷೌರ ಮಾಡಿಕೊಂಡು ಮರಳಣ್ಣನ ಮನೆಗೆ ಹೊರಟ.

ಮರಳಣ್ಣ ಕೆಲಸ ಬಿಟ್ಟ ಮೊದಲ ವರ್ಷ ಮೇಸ್ತ್ರಿ ಆ ಮನೆಗೆ ನಾಲ್ಕೈದು ಸಲ ಹೋಗಿದ್ದ. ಆಮೇಲೆ ಮಾತು ಹೊಂದುತ್ತಿರಲಿಲ್ಲ, ಹೋಗುವುದು ಕಡಿಮೆಯಾಯಿತು. ತೀರಿಹೋದ ದಿನ ಹೋಗಿ ಬಾಗಿಲ ಬಳಿ ನಿಂತಿದ್ದ. ಈಗ ಅತ್ತಿಗೆ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಬಿಗಿಮಾಡುವುದು, ಸಡಿಲ ಮಾಡುವುದು, ಜಿಪ್ಪು ಹಾಕುವುದು ಮಾಡುತ್ತಿದ್ದಳು. ಗೋಡೆಯ ಮೇಲೆ ಬೇರೆಯವರ ಕೋಟುಗಳು ನೇತಾಡುತ್ತಿದ್ದವು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದವಳು ಅವನನ್ನು ಕಂಡು ಒಂದೊಂದೇ ತೆಗೆದು ಡಬ್ಬಿಗೆ ಹಾಕಿದಳು.

“ಬಾ ಮೇಸ್ತ್ರಿ. ದಾರಿ ತಪ್ಪಿ ಬಂದೆಯಾ?”

“ಇಲ್ಲ ಅತ್ತಿಗೆ. ನಿಮ್ಮ ಹತ್ರ ಮಾತಾಡ್ಬೇಕಿತ್ತು.”

ಅವನು ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎಂದು ನಿಂತುಕೊಂಡೇ ಹೇಳಿದ. ಕಿವಿ ಮುರಿದದ್ದು, ಅಂಟಿಸಿದ್ದು, ಅಳೆಯದೆ ಕೊಟ್ಟದ್ದು, ವಿಚಾರಣೆಯಲ್ಲಿ ಸರಿಯಿದೆ ಎಂದದ್ದು, ಈಗ ಯಂತ್ರ ತೋರಿಸಿದ್ದು. “ಅಣ್ಣನ ಕೈ ತಪ್ಪಿರಲಿಲ್ಲ. ತಪ್ಪಿದ್ದು ನನ್ನದು” ಎಂದು ಮುಗಿಸಿದ.

ಅತ್ತಿಗೆ ಅವನನ್ನೇ ನೋಡುತ್ತಿದ್ದಳು. ಬೈಯುತ್ತಾಳೆ, ಇಲ್ಲ ಅಳುತ್ತಾಳೆ ಎಂದು ಅವನು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಅವಳು ಎರಡೂ ಮಾಡಲಿಲ್ಲ. ಯಂತ್ರದ ಮೇಲಿದ್ದ ಬಟ್ಟೆಯನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

“ಅವರು ಹೇಳ್ತಿದ್ರು” ಎಂದಳು. “ಸಾಯೋ ತನಕ ಹೇಳ್ತಿದ್ರು. ಊಟಕ್ಕೆ ಕೂತಾಗ, ಸ್ನಾನ ಮಾಡುವಾಗ, ಒಬ್ಬರೇ. ‘ನನ್ನ ಕೈ ತಪ್ಪಿಲ್ಲ, ಕೋರ್ ನೆಟ್ಟಗಿತ್ತು.’ ನಾನು ಟೀವಿ ಸದ್ದು ಜಾಸ್ತಿ ಮಾಡ್ತಿದ್ದೆ.”

ಮೇಸ್ತ್ರಿ ಗೋಡೆಯ ಮೇಲಿನ ಕೋಟುಗಳ ಕಡೆ ನೋಡಿದ.

“ನಾನು ನಂಬಲಿಲ್ಲ ಮೇಸ್ತ್ರಿ. ನಿನ್ನ ಮಾತು ನಂಬಿದೆ. ಮೇಸ್ತ್ರಿ ಸುಳ್ಳು ಹೇಳೋನಲ್ಲ, ಅವನೇ ಸರಿಯಿದೆ ಅಂದ ಮೇಲೆ ಇವರದ್ದೇ ತಪ್ಪು ಅಂದುಕೊಂಡೆ. ಒಪ್ಕೊಂಡ್ಬಿಡಿ, ಒಪ್ಕೊಂಡ್ರೆ ನಿದ್ದೆಯಾದ್ರೂ ಬರುತ್ತೆ ಅಂತ ಬೆನ್ನು ಹತ್ತಿದೆ. ಕಣ್ಣು ಹೋದವನ ಮನೆಗೆ ಹೋಗಿ ಕ್ಷಮೆ ಕೇಳ್ಕೊಂಡು ಬನ್ನಿ ಅಂತ ನಾನೇ ಕಳಿಸಿದೆ. ಹೋಗಲ್ಲ ಅಂದ್ರು. ಹೋಗದಿದ್ರೆ ನಾನು ಮಗಳನ್ನ ಕರ್ಕೊಂಡು ತವರಿಗೆ ಹೋಗ್ತೀನಿ ಅಂದೆ.”

“ಹೋದ್ರಾ?”

“ಹೋದ್ರು. ಬಂದು ಕಾಲು ತೊಳ್ಕೊಂಡು ಮಲಗಿದ್ರು. ಏನಾಯ್ತು ಅಂತ ಕೇಳಿದೆ. ‘ಕೇಳಿ ಬಂದೆ’ ಅಂದ್ರು, ಅಷ್ಟೇ. ಆಮೇಲೆ ನನ್ನ ಎದುರಿಗೆ ಆ ಮಾತೇ ಎತ್ತಲಿಲ್ಲ. ಒಬ್ಬರೇ ಇದ್ದಾಗ ಮಾತ್ರ.” ಅವಳು ಬಟ್ಟೆಯನ್ನು ಪಕ್ಕಕ್ಕಿಟ್ಟಳು. “ಮಾಡದ ತಪ್ಪಿಗೆ ಕ್ಷಮೆ ಕೇಳಿಸಿದೆನಲ್ಲೋ ನಾನು.”

ಮೇಸ್ತ್ರಿಗೆ ತನ್ನ ಹೆಂಡತಿ ಕೇಳಿದ ಪ್ರಶ್ನೆ ಆಗ ಅರ್ಥವಾಯಿತು. ಅವನು ಭಾರ ಇಳಿಸಲು ಬಂದಿದ್ದ. ಅದು ಇಳಿದದ್ದು ಇವಳ ತಲೆಯ ಮೇಲೆ. ಗಂಡ ತಪ್ಪು ಮಾಡಿದನೆಂದು ನಂಬಿ ಅವಳು ಹೇಗೋ ಒಂದು ಬದುಕು ಹೊಲಿದುಕೊಂಡಿದ್ದಳು. ಅವನು ಬಂದು ಅದರ ಹೊಲಿಗೆಯನ್ನೇ ಬಿಚ್ಚಿದ್ದ.

“ನನ್ನನ್ನ ಬಯ್ಯಿರಿ ಅತ್ತಿಗೆ.”

“ಬೈದ್ರೆ ನಿನಗೆ ಹಿತ ಆಗುತ್ತೆ. ಅಷ್ಟು ಉಪಕಾರ ಇವತ್ತು ನನ್ನ ಕೈಲಾಗಲ್ಲ” ಎಂದಳು. ಗುಂಡುಪಿನ್ನಿನ ಡಬ್ಬಿಗೆ ಮುಚ್ಚಳ ಹಾಕಿ, “ಆ ಯಂತ್ರದಲ್ಲಿ ಕಾಣುತ್ತೆ ಅಂದ್ಯಲ್ಲ, ನನಗೆ ನೋಡ್ಬೇಕು” ಎಂದಳು.

ಬುಧವಾರ ಅವಳು ಬಂದಳು. ಹತ್ತೊಂಬತ್ತು ವರ್ಷದ ನಂತರ ಆ ಗೇಟು ದಾಟಿದ್ದಳು. ಮೊದಲೆಲ್ಲ ಬುತ್ತಿ ಮರೆತು ಹೋದರೆ ತಂದುಕೊಡುತ್ತಿದ್ದಳಂತೆ. ಕಾವಲಿನವನಿಗೆ ಅದನ್ನು ಹೇಳಿದಳು, ಅವನು ಹೊಸಬ, ತಲೆಯಾಡಿಸಿದ. ಮರಳಣ್ಣ ಕೆಲಸ ಮಾಡುತ್ತಿದ್ದ ಜಾಗದಲ್ಲಿ ಈಗ ಮರಳನ್ನು ಪ್ರಿಂಟ್ ಮಾಡುವ ಯಂತ್ರ ನಿಂತಿತ್ತು. ಒಂದು ಕೋಣೆಯಷ್ಟು ದೊಡ್ಡದು. ತೆಳ್ಳಗೆ ಒಂದು ಪದರ ಮರಳು ಹರಡಿ, ಬೇಕಾದ ಕಡೆ ಅಂಟು ಸಿಂಪಡಿಸಿ, ಮತ್ತೊಂದು ಪದರ ಹರಡಿ, ಹೀಗೆ ಕೋರ್ ಸಮೇತ ಅಚ್ಚು ಕಟ್ಟುತ್ತಿತ್ತು. ಹತ್ತಿರ ಯಾರೂ ಇರಲಿಲ್ಲ. ಅವಳು ಗಾಜಿನ ಮುಂದೆ ನಿಂತು ನೋಡಿದಳು.

“ಇದಕ್ಕೆ ತಪ್ಪಾಗಲ್ವಾ?” ಎಂದು ಇಂಜಿನಿಯರನ್ನು ಕೇಳಿದಳು.

“ಆಗುತ್ತೆ ಆಂಟಿ. ಆದ್ರೆ ತಪ್ಪಾದ್ರೆ ಎಲ್ಲಿ ಆಯ್ತು ಅಂತ ಬರೆದಿಟ್ಟಿರುತ್ತೆ.”

ಇಂಜಿನಿಯರ್ ಪರದೆಯ ಮೇಲೆ ಆ ಪ್ಯಾಟರ್ನ್ ತೆರೆದಳು. ಕೆಂಪು ನೀಲಿ ಕಿವಿಯನ್ನು ತೋರಿಸಿದಳು. ಆಮೇಲೆ ಕೋರ್ ಅನ್ನು ಸರಿಯಾಗಿ ಕೂರಿಸಿದಂತೆ ಚಿತ್ರದಲ್ಲೇ ಕೂರಿಸಿ, ಗೋಡೆಯ ದಪ್ಪ ಎಷ್ಟು ಬರುತ್ತದೆಂದು ತೋರಿಸಿದಳು. ಒಂದು ಕಡೆ ಆರು, ಎದುರು ಕಡೆ ಹನ್ನೆರಡು. ಅತ್ತಿಗೆ ಕನ್ನಡಕ ಹಾಕಿಕೊಂಡು ಅಂಕಿಯನ್ನು ಬೆರಳಿಟ್ಟು ಓದಿದಳು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿದಳು.

“ಆವಾಗ ಈ ಯಂತ್ರ ಇರಲಿಲ್ಲ, ಸರಿ. ಪಟ್ಟಿ ಇಟ್ಟು ಅಳೆದಿದ್ರೆ ಗೊತ್ತಾಗ್ತಿತ್ತಾ?”

ಇಂಜಿನಿಯರ್ ಏನೋ ಹೇಳಲು ಬಾಯಿ ತೆರೆದಳು. ಮೇಸ್ತ್ರಿ ಅವಳಿಗೆ ಅವಕಾಶ ಕೊಡಲಿಲ್ಲ.

“ಗೊತ್ತಾಗ್ತಿತ್ತು ಅತ್ತಿಗೆ. ಎರಡು ನಿಮಿಷದ ಕೆಲಸ.”

ಅವಳು ಹೂಂ ಎಂದಳು. ಕನ್ನಡಕ ತೆಗೆದು ಚೀಲಕ್ಕೆ ಹಾಕಿಕೊಂಡಳು.

ಮ್ಯಾನೇಜರು ಕಂಪನಿಯ ಕಾಗದದ ಮೇಲೆ ಒಂದು ಪತ್ರ ಕೊಟ್ಟ. ಮೇಸ್ತ್ರಿ ಹಟ ಹಿಡಿದು ಅದರಲ್ಲಿ ಎರಡೂ ಹೆಸರು ಬರೆಸಿದ್ದ, ಮರಳಣ್ಣನದೂ ತನ್ನದೂ. ಕವಚ ಒಡೆದದ್ದು ಮೌಲ್ಡರನ ತಪ್ಪಿನಿಂದಲ್ಲ, ಪ್ಯಾಟರ್ನ್ ದುರಸ್ತಿ ಮಾಡಿದವನ ತಪ್ಪಿನಿಂದ ಎಂದು ಸ್ಪಷ್ಟವಾಗಿತ್ತು. ಅತ್ತಿಗೆ ಎರಡು ಸಲ ಓದಿ, ಮರಳಣ್ಣನ ನಿಜವಾದ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿದೆ ಎಂದಳು. ಮ್ಯಾನೇಜರು ತಿದ್ದಿಸಿ ಮತ್ತೆ ಕೊಟ್ಟ.

ಆ ಕವಚದ ಪ್ಯಾಟರ್ನನ್ನು ಇಟ್ಟುಕೊಳ್ಳುತ್ತೀರಾ ಎಂದು ಇಂಜಿನಿಯರ್ ಮೇಸ್ತ್ರಿಯನ್ನು ಕೇಳಿದಳು. ಬೇಡ ಎಂದ. ಉಳಿದ ಪ್ಯಾಟರ್ನುಗಳ ಜೊತೆ ಅದೂ ಲಾರಿ ಹತ್ತಿತು. ಎಲ್ಲವನ್ನೂ ಪುಡಿಮಾಡಿ ಹಲಗೆ ಮಾಡುತ್ತಾರೆಂದು ಕೇಳಿದ್ದ. ಒಣಗಿದ ಒಳ್ಳೆಯ ಮರ, ಹಾಳಾಗಬಾರದು. ಹುಡುಕಿಸಿದ ಮೂರು ಕವಚಗಳಲ್ಲಿ ಎರಡು ಆಗಲೇ ಗುಜರಿ ಸೇರಿದ್ದವು. ಮೂರನೆಯದು ಒಂದು ನೀರಿನ ಕೇಂದ್ರದಲ್ಲಿ ಇನ್ನೂ ಓಡುತ್ತಿತ್ತು. ಅದನ್ನು ನಿಲ್ಲಿಸಿ, ತಿದ್ದಿದ ಫೈಲಿನಿಂದ ಅಲ್ಲೇ ಹತ್ತಿರದ ಫೌಂಡ್ರಿಯಲ್ಲಿ ಹೊಸ ಕವಚ ಹೊಯ್ದು ಹಾಕಿದರು. ಹಳೆಯದನ್ನು ಕೊಯ್ದು ಅಳೆದಾಗ ಅಲ್ಲೂ ಆರೇ ಇತ್ತು.

ಮುಂದಿನ ವಾರ ಅತ್ತಿಗೆಯಿಂದ ಫೋನ್ ಬಂತು. “ಕಣ್ಣು ಹೋದವನಿಗೆ ಹೇಳ್ಬೇಕು. ನೀನು ಹೇಳ್ಬೇಕು. ನಾನೂ ಬರ್ತೀನಿ.”

ಪರೀಕ್ಷಕ ಈಗ ಊರಿನ ಇನ್ನೊಂದು ತುದಿಯಲ್ಲಿ ತಂಗಿಯ ಮನೆಯಲ್ಲಿದ್ದ. ಎರಡು ಬಸ್ಸು ಬದಲಾಯಿಸಿ ಹೋದರು. ಎರಡನೆಯ ಮಹಡಿ, ಇಕ್ಕಟ್ಟಿನ ಮೆಟ್ಟಿಲು. ಬಾಗಿಲು ತೆರೆದದ್ದು ಅವನೇ. ಎಡಗಣ್ಣಿನ ಜಾಗದಲ್ಲಿ ರೆಪ್ಪೆ ಹೊಲಿದಂತೆ ಮುಚ್ಚಿತ್ತು. ಮೇಸ್ತ್ರಿಯ ಗುರುತು ಹಿಡಿದ. ಅತ್ತಿಗೆ ಯಾರೆಂದು ಹೇಳಿದ ಮೇಲೆ ಅವನ ಮುಖ ಸ್ವಲ್ಪ ಬಿಗಿಯಿತು, ಆದರೂ ಒಳಗೆ ಕರೆದ. ಮೇಸ್ತ್ರಿ ಎರಡನೆಯ ಸಲ ಅದೇ ಕಥೆ ಹೇಳಿದ. ಮೊದಲ ಸಲಕ್ಕಿಂತ ಸುಲಭವಾಗಿರಲಿಲ್ಲ. ಅತ್ತಿಗೆ ಪತ್ರ ತೆಗೆದು ಕೊಟ್ಟಳು. ಅವನು ಅದನ್ನು ಬಲಗಣ್ಣಿನ ಹತ್ತಿರ ಹಿಡಿದು ಓದಿದ.

“ಅವರು ಬಂದಿದ್ರು” ಎಂದ ಕೊನೆಗೆ. “ಈ ಮನೆಗಲ್ಲ, ಹಳೇ ಮನೆಗೆ. ಬಾಗಿಲಲ್ಲಿ ನಿಂತು, ‘ತಪ್ಪಾಯ್ತು’ ಅಂದ್ರು.”

“ನೀವೇನಂದ್ರಿ?” ಎಂದಳು ಅತ್ತಿಗೆ.

ಅವನು ಪತ್ರವನ್ನು ಮಡಿಸಿದ. ಮಡಿಕೆ ಸರಿಯಾಗಿ ಬರಲಿಲ್ಲ, ಮತ್ತೆ ಮಡಿಸಿದ.

“ಏನೂ ಅನ್ಲಿಲ್ಲಮ್ಮ. ಬಾಗಿಲು ಹಾಕ್ಕೊಂಡೆ. ತುಂಬ ಹೊತ್ತು ಅಲ್ಲೇ ನಿಂತಿದ್ರು, ಬಾಗಿಲ ಕೆಳಗಿನ ಸಂದೀಲಿ ನೆರಳು ಕಾಣ್ತಿತ್ತು. ನಾನು ತೆಗೀಲಿಲ್ಲ.”

ತಂಗಿ ಒಳಗಿನಿಂದ ಚಹಾ ತಂದಿಟ್ಟು ಹೋದಳು. ಮೂವರೂ ಕೂತಿದ್ದರು. ಕೆಳಗೆ ರಸ್ತೆಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಸದ್ದು ಕೇಳುತ್ತಿತ್ತು. ಮೂವರೂ ಕ್ಷಮೆ ಕೇಳಬೇಕಿದ್ದ ಮರಳಣ್ಣ ಅಲ್ಲಿರಲಿಲ್ಲ. ಪರೀಕ್ಷಕ ಒಮ್ಮೆ, “ಮೇಸ್ತ್ರಿ, ನೀನು ಹೇಳದೇ ಇರಬಹುದಿತ್ತು” ಎಂದ. ಅದು ಮೆಚ್ಚುಗೆಯೋ ದೂರೋ ಅವನಿಗೇ ಗೊತ್ತಿದ್ದಂತೆ ಕಾಣಲಿಲ್ಲ. ಅತ್ತಿಗೆ ಚಹಾ ಪೂರ್ತಿ ಕುಡಿದು, ಲೋಟಗಳನ್ನು ತಾನೇ ಅಡುಗೆಮನೆಗೆ ಒಯ್ದು ತೊಳೆದಿಟ್ಟು ಬಂದಳು. ಹೊರಡುವಾಗ ಪರೀಕ್ಷಕ ಮೆಟ್ಟಿಲ ಕೆಳಗಿನವರೆಗೆ ಬಂದ. ಕತ್ತಲೆಯಿದೆ, ಹುಷಾರು ಎಂದು ಅವಳಿಗೆ ಗೋಡೆ ಹಿಡಿಯಲು ಹೇಳಿದ. ಅವಳು ಹಿಡಿದುಕೊಂಡೇ ಇಳಿದಳು.

ವಾಪಸು ಬರುವಾಗ ಬಸ್ಸು ಖಾಲಿಯಿತ್ತು. ಅತ್ತಿಗೆ ಕಿಟಕಿಯ ಪಕ್ಕ ಕೂತಳು. ಮೇಸ್ತ್ರಿ ಹಿಂದಿನ ಸೀಟಿನಲ್ಲಿ ಕೂತ. ಮಗಳಿಗೆ ಹೇಳಿದ್ದೀರಾ ಎಂದು ಅವಳನ್ನು ಕೇಳಬೇಕೆನಿಸಿತು, ಕೇಳಲಿಲ್ಲ. ಅವಳ ನಿಲ್ದಾಣ ಹತ್ತಿರವಾದಾಗ ಅವಳೇ ತಿರುಗಿದಳು.

“ಮೇಸ್ತ್ರಿ, ಸ್ವಲ್ಪ ದಿನ ಮನೆ ಕಡೆ ಬರಬೇಡ. ನಿನ್ನನ್ನ ನೋಡಿದ್ರೆ ನಾನು ಮಾಡಿದ್ದು ನೆನಪಾಗುತ್ತೆ.”

“ಆಗ್ಲಿ ಅತ್ತಿಗೆ.”

“ಮನೇಲಿ ಕೇಳಿದೆ ಅಂತ ಹೇಳು.”

ಅವಳು ಇಳಿದಳು. ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು ಗಲ್ಲಿಯ ಕಡೆ ನಡೆದಳು.

ಮೇಸ್ತ್ರಿ ಮನೆಗೆ ಬಂದಾಗ ಹೆಂಡತಿ ಬಟ್ಟೆ ಒಣಹಾಕುತ್ತಿದ್ದಳು. ಏನಂದ್ರು ಎಂದು ಕೇಳಿದಳು. ಅವನು ಬಕೆಟ್ಟಿನಿಂದ ಒಂದು ಅಂಗಿ ಎತ್ತಿ ಕೊಡವಿ ಅವಳ ಕೈಗೆ ಕೊಟ್ಟ. “ನಿನ್ನನ್ನ ಕೇಳಿದೆ ಅಂತ ಹೇಳೋಕೆ ಹೇಳಿದ್ರು” ಎಂದ. ಇಬ್ಬರೂ ಸೇರಿ ಉಳಿದ ಬಟ್ಟೆಗಳನ್ನು ಹಗ್ಗಕ್ಕೆ ಹಾಕಿದರು.